ಸೂಜಿ, ಲೇಪ, ನೆರಳು

ಹೈದರಾಬಾದಿನಲ್ಲಿ ಮುಖದ ಸುಕ್ಕಿಗೆ ಪರಿಹಾರ ಹುಡುಕುವವರಿಗೆ ದಾರಿಗಳ ಕೊರತೆಯಿಲ್ಲ. ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್, ಮಾದಾಪುರದ ಸ್ಕಿನ್ ಕ್ಲಿನಿಕ್ಕುಗಳು ಬೊಟಾಕ್ಸ್ ಚುಚ್ಚುತ್ತವೆ, ಫಿಲ್ಲರ್ ತುಂಬುತ್ತವೆ. ಹಳೆಯ ಊರಿನ ಮನೆಗಳಲ್ಲಿ ಉಬ್ಟನ್, ಮುಲ್ತಾನಿ ಮಿಟ್ಟಿ, ಗುಲಾಬಿ ನೀರು ಇನ್ನೂ ಬಳಕೆಯಲ್ಲಿವೆ. ಇಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ. ಈಚೆಗೆ ಫೇಸ್ ಯೋಗವೂ ಸೇರಿಕೊಂಡಿದೆ. ಇವನ್ನೆಲ್ಲ ಕೃತಕ, ಸಹಜ ಎಂದು ಎರಡು ಪಾಲು ಮಾಡಿ ಯಾವುದು ಮೇಲು ಎಂದು ತೂಗುವುದು ರೂಢಿ. ಈ ತಕ್ಕಡಿಯೇ ಸರಿಯಿಲ್ಲ ಎಂಬುದು ನನ್ನ ವಾದ. ಮದ್ದಿನ ಹುಟ್ಟು ವಿಚಾರಿಸುವ ಮೊದಲು ಸುಕ್ಕಿನ ಹುಟ್ಟು ವಿಚಾರಿಸಬೇಕು.

ಮದ್ದಿನ ಹುಟ್ಟನ್ನೇ ಹಿಡಿದು ಹೊರಟರೆ ಎಲ್ಲಿಗೆ ತಲುಪುತ್ತೇವೆ ನೋಡಿ. ಬೊಟಾಕ್ಸಿನಲ್ಲಿರುವ ಬೊಟುಲಿನಮ್ ವಿಷವನ್ನು ತಯಾರಿಸುವುದು ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾ. 1895ರಲ್ಲಿ ಬೆಲ್ಜಿಯಂನ ಹಳ್ಳಿಯೊಂದರಲ್ಲಿ ಕೆಟ್ಟ ಹಂದಿಮಾಂಸ ತಿಂದು ಜನ ಸತ್ತಾಗ ಎಮಿಲ್ ವಾನ್ ಎರ್ಮೆಂಗೆಮ್ ಆ ಜೀವಿಯನ್ನು ಗುರುತಿಸಿದರು. ನರದ ಆಜ್ಞೆಯನ್ನು ಸ್ನಾಯುವಿಗೆ ಮುಟ್ಟಿಸುವ ಅಸಿಟೈಲ್‌ಕೋಲಿನ್ ಹೊರಬರದಂತೆ ಈ ವಿಷ ತಡೆಯುತ್ತದೆ, ಸ್ನಾಯು ಸಡಿಲವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಇದನ್ನು ಮೆಳ್ಳೆಗಣ್ಣಿಗೆ ಮದ್ದಾಗಿಸಿದರು, 1989ರಲ್ಲಿ ಅಮೆರಿಕ ಅನುಮತಿ ನೀಡಿತು. ಹುಬ್ಬುಗಳ ನಡುವಿನ ಗೆರೆಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ರೆಪ್ಪೆಯ ಸೆಳೆತ, ಬಿಡದ ಮೈಗ್ರೇನ್, ಪಾರ್ಶ್ವವಾಯುವಿನ ನಂತರದ ಬಿಗಿತಗಳಿಂದ ನರಳುವ ಎಷ್ಟೋ ಜನರಿಗೆ ಇಂದು ಈ ವಿಷವೇ ಆಸರೆ. ಇತ್ತ ಮನೆಮದ್ದೆಂದು ಹಚ್ಚಿದ ನಿಂಬೆರಸ, ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟು ವಾರಗಟ್ಟಲೆ ಕಪ್ಪು ಕಲೆ ಉಳಿಸಬಲ್ಲದು. ಪ್ರಕೃತಿಯಿಂದ ಬಂದದ್ದು ಎಂಬ ಮಾತು ಯಾವ ವಸ್ತುವಿನ ಪರವಾಗಿಯೂ, ವಿರುದ್ಧವಾಗಿಯೂ ಸಾಕ್ಷಿ ನುಡಿಯುವುದಿಲ್ಲ.

ಸುಕ್ಕಿನ ಹುಟ್ಟಿಗೆ ಬಂದರೆ ಮುಖ್ಯವಾಗಿ ಎರಡು ಬಗೆ ಕಾಣುತ್ತವೆ. ಹುಬ್ಬು ಗಂಟಿಕ್ಕಿ, ನಕ್ಕು, ಹಣೆ ಏರಿಸಿ ಸ್ನಾಯುಗಳು ವರ್ಷಗಟ್ಟಲೆ ಮಡಿಸಿದ ಗೆರೆಗಳು ಒಂದು ಬಗೆ. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದೊಳಗಿನ ಕೊಲಾಜನ್, ಇಲಾಸ್ಟಿನ್ ಎಳೆಗಳನ್ನು ಹಾಳುಮಾಡಿ ತಂದ ಒರಟುತನ, ಜೋಲು, ಕಲೆ ಇನ್ನೊಂದು. ಬೊಟಾಕ್ಸ್ ಮುಟ್ಟುವುದು ಮೊದಲನೆಯದನ್ನು. ಅಲ್ಲಿ ಅದು ನಿಜವಾಗಿ ಕೆಲಸ ಮಾಡುತ್ತದೆ, ಮೂರು ನಾಲ್ಕು ತಿಂಗಳು. ಕೈ ತಪ್ಪಿದರೆ ರೆಪ್ಪೆ ಕೆಲವು ವಾರ ಜೋಲುತ್ತದೆ. ಫಿಲ್ಲರ್ ರಕ್ತನಾಳಕ್ಕೆ ಹೊಕ್ಕರೆ ದೃಷ್ಟಿಯೇ ಹೋದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಬರೆದು ತಿಳಿಸಬೇಕಾಗಿ ಬಂತು ಎಂದರೆ ಈ ಮಾರುಕಟ್ಟೆಯ ಸ್ಥಿತಿ ಊಹಿಸಬಹುದು. ಆದರೂ ನನ್ನ ಮುಖ್ಯ ತಕರಾರು ಅಪಾಯದ್ದಲ್ಲ. ಹುಬ್ಬಿನ ನಡುವಿನ ಗೆರೆ, ಕಣ್ಣಂಚಿನ ಗೆರೆ ಹಾನಿಯ ಗುರುತಲ್ಲ. ಮುಖ ತನ್ನ ಕೆಲಸ ಮಾಡಿದ್ದರಿಂದ ಅವು ಮೂಡಿವೆ. ಎದುರಿನವರ ನೋವಿಗೆ ನಮ್ಮ ಹುಬ್ಬು ಮೊದಲು ಕೂಡುತ್ತದೆ, ಮಾತು ಆಮೇಲೆ. 2011ರಲ್ಲಿ ಪ್ರಕಟವಾದ ಸಣ್ಣದೊಂದು ಅಧ್ಯಯನದಲ್ಲಿ, ಬೊಟಾಕ್ಸ್ ಪಡೆದವರು ಇತರರ ಕಣ್ಣಿನ ಭಾವ ಓದುವುದರಲ್ಲಿ ಫಿಲ್ಲರ್ ಪಡೆದವರಿಗಿಂತ ಸ್ವಲ್ಪ ಹಿಂದುಳಿದರು. ಅದರ ಮೇಲೆ ದೊಡ್ಡ ತೀರ್ಮಾನ ಕಟ್ಟಲಾಗದು. ಆದರೆ ಸ್ನಾಯುವನ್ನು ಸುಮ್ಮನಿರಿಸಿದಾಗ ಗೆರೆಯ ಜತೆಗೆ ಒಂದಿಷ್ಟು ಅಭಿವ್ಯಕ್ತಿಯೂ ಹೋಗುತ್ತದೆ ಎಂಬುದಕ್ಕೆ ಯಾವ ಅಧ್ಯಯನವೂ ಬೇಕಿಲ್ಲ.

ಹಾಗಾದರೆ ಲೇಪ, ವ್ಯಾಯಾಮಗಳ ಪಕ್ಷ ಗೆದ್ದಿತೇ? ಅಲ್ಲಿಯೂ ಮಾತು ಸಾಕ್ಷ್ಯಕ್ಕಿಂತ ದೊಡ್ಡದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಮುಖ ವ್ಯಾಯಾಮದ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ. 20 ವಾರಗಳ ಅಭ್ಯಾಸವನ್ನು ಪೂರ್ತಿ ಮಾಡಿದವರು 16 ಮಂದಿ ಮಹಿಳೆಯರು. ಅವರ ಕೆನ್ನೆ ಸ್ವಲ್ಪ ತುಂಬಿಕೊಂಡಿತು, ನೋಡುವವರು ಅಂದಾಜಿಸಿದ ವಯಸ್ಸು ಸುಮಾರು 51ರಿಂದ 48ಕ್ಕೆ ಇಳಿಯಿತು. ಸಂತೋಷದ ಸಂಗತಿಯೇ, ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಕಡಲೆಹಿಟ್ಟು, ಕೆನೆ ಚರ್ಮವನ್ನು ಮೃದುವಾಗಿಡುತ್ತವೆ. ಒಣ ಚರ್ಮದಲ್ಲಿ ಎದ್ದು ಕಾಣುವ ನವಿರು ಗೆರೆ ಎಣ್ಣೆಪಸೆಯಿಂದ ಮರೆಯಾಗುತ್ತದೆ. ಹಾಳಾದ ಕೊಲಾಜನ್ನನ್ನು ಅವು ಮತ್ತೆ ಕಟ್ಟುತ್ತವೆ ಎನ್ನಲು ಆಧಾರ ಸಾಲದು. ನಮ್ಮ ಕಾನೂನಿಗೂ ಈ ಎಚ್ಚರ ಇದೆ: ಯಾವ ಔಷಧವೂ ತಡೆಯುತ್ತೇನೆ, ಗುಣಪಡಿಸುತ್ತೇನೆ ಎಂದು ಹೇಳಿಕೊಳ್ಳಬಾರದ ಸಂಗತಿಗಳ ಪಟ್ಟಿಯೊಂದು 1945ರ ಔಷಧ ನಿಯಮಗಳಲ್ಲಿದೆ, ಅಕಾಲ ಮುಪ್ಪು ಮತ್ತು ಯೌವನ ಮರಳಿಸುವ ಶಕ್ತಿ ಎರಡೂ ಅದರಲ್ಲಿವೆ. ಪರಂಪರೆಯ ಮದ್ದಿನ ಕಡೆಯಿಂದಲೂ ಒಂದು ಉದಾಹರಣೆ: ಹೈದರಾಬಾದಿನ ಎರ್ರಗಡ್ಡದಲ್ಲಿ ಕೇಂದ್ರ ಸರ್ಕಾರದ ಯುನಾನಿ ಸಂಶೋಧನಾ ಸಂಸ್ಥೆಯಿದೆ. ಅದು ಹೆಸರಾಗಿರುವುದು ತೊನ್ನಿನ ಚಿಕಿತ್ಸೆಗೆ. ಪರಂಪರೆಯ ವೈದ್ಯಪದ್ಧತಿ ಗಂಭೀರವಾಗಿ ಕೆಲಸ ಮಾಡುವಾಗ ರೋಗಿಯ ಕಷ್ಟವನ್ನು ಹಿಡಿದು ಕೂರುತ್ತದೆ. ಅದರ ಹೆಸರಿನಲ್ಲಿ ಹತ್ತು ವರ್ಷ ಕಿರಿಯರಾಗಿ ಎಂದು ಮಾರುವವರು ಆ ಪರಂಪರೆಗೇ ದ್ರೋಹ ಮಾಡುತ್ತಾರೆ.

ಗಟ್ಟಿ ಸಾಕ್ಷ್ಯ ಇರುವುದು ಎರಡನೆಯ ಬಗೆಯ ಸುಕ್ಕಿನ ವಿಷಯದಲ್ಲಿ, ಅದೂ ಬರುವ ಮೊದಲು ತಡೆಯುವುದರಲ್ಲಿ. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 55 ವರ್ಷದೊಳಗಿನ 903 ಮಂದಿಯನ್ನು ನಾಲ್ಕೂವರೆ ವರ್ಷ ಗಮನಿಸಿದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಚರ್ಮದ ಮುಪ್ಪು ಶೇ. 24ರಷ್ಟು ಕಡಿಮೆ. ಅವರು ಬಿಳಿಯರು, ನಮ್ಮ ಮೆಲನಿನ್ ನಮ್ಮನ್ನು ಕಾಯುತ್ತದಲ್ಲ ಎನ್ನಬಹುದು. ಕಾಯುತ್ತದೆ, ನಮ್ಮಲ್ಲಿ ಸುಕ್ಕು ತಡವಾಗಿಯೇ ಬರುತ್ತದೆ. ಆದರೆ ಬಿಸಿಲಿನ ಹಾನಿ ನಮ್ಮ ಚರ್ಮದಲ್ಲಿ ಮೊದಲು ಕಪ್ಪು ಕಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಸ್ಕೂಟರ್ ಏರುವ ಹೈದರಾಬಾದಿನ ಹುಡುಗಿಯರು ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಸುತ್ತಿಕೊಳ್ಳುವ ದುಪಟ್ಟಾ, ಕ್ಲಿನಿಕ್ಕಿನ ಸೂಜಿಯೂ ಮನೆಯ ಲೇಪವೂ ಕೊಡಲಾಗದ ರಕ್ಷಣೆಯನ್ನು ಕೊಡುತ್ತಿದೆ. ಅದು ಸಹಜವೂ ಅಲ್ಲ, ಕೃತಕವೂ ಅಲ್ಲ, ಬರೀ ಬಟ್ಟೆ. ಹಾನಿ ಎಲ್ಲಿಂದ ಬರುತ್ತದೆಂದು ತಿಳಿದು ಅಲ್ಲೇ ತಡೆದದ್ದು ಅದರ ಗುಣ.

ನನ್ನ ಮುಖ, ನನ್ನ ಹಕ್ಕು ಎಂಬ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ತರಬೇತಾದ ವೈದ್ಯರ ಬಳಿ ತಿಳಿದೇ ಸೂಜಿ ಚುಚ್ಚಿಸಿಕೊಳ್ಳುವ ಹೆಣ್ಣನ್ನು ಹೀಯಾಳಿಸಲು ಯಾರಿಗೂ ಅಧಿಕಾರವಿಲ್ಲ. ಆದರೆ ಬೇಡಿಕೆ ಹುಟ್ಟಿದ ಜಾಗವನ್ನೂ ಕೇಳಬೇಕಲ್ಲ. ಇದೇ ನಗರದ ಚಿತ್ರರಂಗದಲ್ಲಿ 60 ದಾಟಿದ ನಾಯಕನ ಹಣೆಯ ಗೆರೆಗೆ ಗಾಂಭೀರ್ಯವೆಂಬ ಹೆಸರು, 40ರ ನಟಿಗೆ ತಾಯಿಯ ಪಾತ್ರ. ಕೆಲಸ ಕಳೆದುಕೊಳ್ಳುವ ಭಯದಿಂದ ಹುಟ್ಟಿದ ಆಯ್ಕೆಯನ್ನು ಸ್ವಾತಂತ್ರ್ಯವೆಂದು ಕರೆದು ಕೈತೊಳೆದುಕೊಂಡರೆ ಆ ಭಯ ಹುಟ್ಟಿಸಿದವರು ಪಾರಾಗುತ್ತಾರೆ.

ಇನ್ನೂ ಒಂದು ಕಡೆ ಈ ಚರ್ಚೆ ತಿರುಗಿಯೂ ನೋಡುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಬರುವವರ ಮುಖದಲ್ಲಿ 35ಕ್ಕೇ ಮುಪ್ಪು ಇಳಿದಿರುತ್ತದೆ. ಅದು ವಯಸ್ಸು ತಂದದ್ದಲ್ಲ, ಬಿಸಿಲು ತಂದದ್ದು. ಕ್ಲಿನಿಕ್ಕಿನ ಗೋಡೆ ಕಟ್ಟಿದ ಕೈ ಅವರದೇ ಇರಬಹುದು, ಒಳಗಿನ ಚಿಕಿತ್ಸೆ ಅವರಿಗಲ್ಲ. ಅವರಿಗೆ ಅದು ಬೇಕಾಗಿಯೂ ಇಲ್ಲ. ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನ ಕೂಲಿ ಕಡಿಯದೆ ಬಿಡುವು, ಸೈಟಿನಲ್ಲೊಂದು ನೆರಳು, ಅಗಲ ಅಂಚಿನ ಟೋಪಿ: ಮುಖದ ಮುಪ್ಪಿನ ಬಗ್ಗೆ ವಿಜ್ಞಾನ ಧೈರ್ಯವಾಗಿ ಹೇಳಬಲ್ಲ ಮಾತಿನಿಂದ ಹೊರಡುವ ಬೇಡಿಕೆ ಇಷ್ಟೇ. ಇದನ್ನು ಗುತ್ತಿಗೆದಾರರ ಮುಂದಿಡಲು ಯಾವ ಸೌಂದರ್ಯ ತಜ್ಞರ ಅಗತ್ಯವೂ ಇಲ್ಲ, ಕಾರ್ಮಿಕ ಇಲಾಖೆ ಸಾಕು.