ಹಸ್ತಾಮಲಕನೂ ನಮ್ಮ ಮೊಮ್ಮಗನೂ

ನನ್ನ ಮೊಮ್ಮಗನಿಗೆ ಆಟಿಸಂ ಇದೆ. ಮಾತು ಕಡಿಮೆ, ಹೆಸರು ಹಿಡಿದು ಕೂಗಿದರೂ ತಿರುಗುವುದು ಅಪರೂಪ. ಬಸವನಗುಡಿಯ ನಮ್ಮ ನೆಂಟರಿಷ್ಟರಲ್ಲಿ ಇದಕ್ಕೆ ಎರಡು ವ್ಯಾಖ್ಯಾನ. ಒಂದು, ಹಿರಿಯರ ಪ್ರಾರಬ್ಧ, ನಾಗಪ್ರತಿಷ್ಠೆ ಮಾಡಿಸಿ. ಇನ್ನೊಂದು, ಇವನು ಶಂಕರಾಚಾರ್ಯರ ಶಿಷ್ಯ ಹಸ್ತಾಮಲಕನಂಥವನು, ಕಾಯಿರಿ, ಬಾಯಿ ಬಿಟ್ಟ ದಿನ ವೇದಾಂತವೇ ಹೊರಡುತ್ತದೆ.

ಮೊದಲನೆಯದು ನನ್ನ ಸೊಸೆಯನ್ನು ಸುಟ್ಟಿದೆ. ಬಸುರಿಯಾಗಿದ್ದಾಗ ಏನು ತಿಂದೆ, ಗ್ರಹಣದಲ್ಲಿ ಹೊರಗೆ ಬಂದೆಯಾ ಎಂದೆಲ್ಲ ಕೇಳಿಸಿಕೊಂಡಿದ್ದಾಳೆ. ಆಟಿಸಂ ಎಂದರೆ ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ, ಅದರಲ್ಲಿ ವಂಶವಾಹಿಗಳ ಪಾಲು ದೊಡ್ಡದು. ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆಂದು 1950-60ರ ದಶಕಗಳಲ್ಲಿ ಅಮೆರಿಕದ ವೈದ್ಯರೂ ಹೇಳುತ್ತಿದ್ದರು. ಅದು ಸುಳ್ಳೆಂದು ತೀರ್ಮಾನವಾಗಿ ಎಷ್ಟೋ ಕಾಲವಾಯಿತು. ಕರ್ಮದಲ್ಲಿ ನನಗೆ ನಂಬಿಕೆಯಿದೆ. ಆದರೆ ಅದು ನನ್ನ ನಡತೆಯನ್ನು ನಾನು ತೂಗಿಕೊಳ್ಳುವುದಕ್ಕೆ. ಪಕ್ಕದ ಮನೆಯ ಮಗುವಿನ ಮೇಲೆ ತೀರ್ಪು ಕೊಡುವ ಅಧಿಕಾರ ಯಾರಿಗೂ ಇಲ್ಲ.

ಎರಡನೆಯ ಮಾತು ಕೇಳಲು ಸಿಹಿ, ಅದಕ್ಕೇ ಅಪಾಯ ಹೆಚ್ಚು. ಜ್ಞಾನಿಯೆಂದು ಕಾಯುತ್ತ ಕೂತರೆ ಎರಡು-ಮೂರನೆಯ ವಯಸ್ಸಿನಲ್ಲಿ ಸಿಗಬೇಕಾದ ನೆರವು ತಪ್ಪಿಹೋಗುತ್ತದೆ. ಅಲ್ಲದೆ ನಮ್ಮವರು ಹಸ್ತಾಮಲಕನ ಕಥೆಯ ಕೊನೆಯನ್ನಷ್ಟೇ ಹೇಳುತ್ತಾರೆ. ಮಾತಾಡದ, ಆಡದ ಮಗನನ್ನು ತಂದೆ ಶಂಕರರ ಮುಂದೆ ತಂದು, ಇವನು ಜಡ ಎಂದು ಗೋಳು ಹೇಳಿಕೊಳ್ಳುತ್ತಾನೆ. ಶಂಕರರು ಹುಡುಗನನ್ನೇ ಕೇಳುತ್ತಾರೆ, ನೀನು ಯಾರಪ್ಪಾ ಎಂದು. ಅಲ್ಲಿಯವರೆಗೆ ಎಲ್ಲರೂ ಅವನ ವಿಷಯ ಆಡಿಕೊಂಡವರೇ. ಅವನನ್ನೇ ವಿಚಾರಿಸಿದವರು ಶಂಕರರು. ಅವನು ಕೊಟ್ಟ ಉತ್ತರಕ್ಕಿಂತ ಆ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಎಲ್ಲರಲ್ಲೂ ಒಂದೇ ಚೈತನ್ಯ ಎನ್ನುವ ಅದ್ವೈತಿ ಬೇರೆ ಹೇಗೆ ನಡೆದುಕೊಂಡಾನು?

ನಮ್ಮ ಹುಡುಗನನ್ನು ಚಿತ್ರದ ಕಾರ್ಡು ಹಿಡಿದು ಕೇಳಬೇಕು. ಸ್ಪೀಚ್ ಥೆರಪಿಯವರು ಕಲಿಸಿಕೊಟ್ಟದ್ದು. ಅವಸರ ಮಾಡದಿದ್ದರೆ ಮೊಸರನ್ನವೋ ದೋಸೆಯೋ ಅವನೇ ತೋರಿಸುತ್ತಾನೆ. ಮಿದುಳುಗಳು ನಾನಾ ಬಗೆ ಎನ್ನುವುದಕ್ಕೆ ಈಗ ನರವೈವಿಧ್ಯ ಎನ್ನುತ್ತಾರೆ. ಒಪ್ಪುತ್ತೇನೆ, ಆದರೆ ನೆರವು ಬೇಡವೆಂದು ಅದರ ಅರ್ಥವಲ್ಲ. ತಮ್ಮ ಮಗುವಿನ ಬಗ್ಗೆ ಅನುಮಾನ ಬಂದವರು ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗಕ್ಕೋ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಹೋಗಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಮಾಡಿಸಿ. ರಾಷ್ಟ್ರೀಯ ನ್ಯಾಸದ 'ನಿರಾಮಯ' ವಿಮೆಯಲ್ಲಿ 1 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ಇನ್ನು ದೇವಸ್ಥಾನದ ಮಾತು. ಮಂಗಳಾರತಿಗೆ ಕರೆಂಟಿನ ನಗಾರಿ-ಗಂಟೆ ಶುರುವಾದರೆ ಅವನು ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿಯುತ್ತಾನೆ. ಆ ಸದ್ದು ಅವನಿಗೆ ಮೈನೋವಿನಷ್ಟೇ ನಿಜ. ಕಡಲೆಕಾಯಿ ಪರಿಷೆಯಂತೂ ದೂರವೇ ಉಳಿಯಿತು. ಜನ ಇಲ್ಲದ ಬೆಳಗಿನ ಹೊತ್ತು ದೊಡ್ಡ ಬಸವಣ್ಣನಿಗೆ ಪ್ರದಕ್ಷಿಣೆ ಹಾಕುವುದೆಂದರೆ ಅವನಿಗೆ ಬಹಳ ಇಷ್ಟ.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಧರ್ಮದರ್ಶಿಗಳಲ್ಲಿ, ಅರ್ಚಕರಲ್ಲಿ ಕೇಳಿಕೊಳ್ಳುತ್ತೇನೆ: ವಾರಕ್ಕೊಂದು ಮಂಗಳಾರತಿಗಾದರೂ ಆ ಯಂತ್ರ ನಿಲ್ಲಿಸಿ, ಕೈಗಂಟೆಯಲ್ಲೇ ಮಾಡಿ. ಯಾವ ದಿನವೆಂದು ಬಾಗಿಲಲ್ಲಿ ಬರೆದು ಹಾಕಿ. ನಮ್ಮಂಥ ಮನೆಯವರು ಮಕ್ಕಳನ್ನು ಕರೆದುಕೊಂಡು ಬರುತ್ತೇವೆ.