ಪರಾಧೀನನಾದ ಜೀವನಿಗೆ ಪ್ರಯತ್ನವೇಕೆ?



ಫಾಲ್ಗುಣ ಬಹುಳ ದ್ವಿತೀಯೆಯಂದು ಶ್ರೀ ಸುಧೀಂದ್ರತೀರ್ಥರ ಆರಾಧನೆ. ಚತುರ್ಥಿಯಂದು ಶ್ರೀ ವ್ಯಾಸರಾಜರ ಆರಾಧನೆ. ಈ ಉಭಯ ಯತಿವರೇಣ್ಯರ ವೃಂದಾವನಗಳೂ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನ ಕ್ಷೇತ್ರದಲ್ಲಿಯೇ ವಿರಾಜಿಸುತ್ತಿವೆ. ಇದೇ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಮಕ್ಕಳ ಪರೀಕ್ಷೆಯ ಚಿಂತೆಯೂ ಕೂಡಿರುತ್ತದೆ. ಒಬ್ಬನಿಗೆ ವೈದ್ಯನಾಗುವ ಆಸೆ. ಮತ್ತೊಬ್ಬಳಿಗೆ ಸರಕಾರದ ಉನ್ನತ ಹುದ್ದೆಯ ಹಂಬಲ. ಎರಡು ಬಾರಿ ಯತ್ನಿಸಿ ಸೋತ ಮಗನು ತಂದೆಯನ್ನು ಕೇಳುತ್ತಾನೆ: "ಅಪ್ಪಾ, ಎಲ್ಲವೂ ಹರಿಯ ಅಧೀನವೆಂದು ನೀವೇ ಹೇಳುತ್ತೀರಲ್ಲ, ಮತ್ತೆ ನಾನು ಓದಿ ಏನು ಫಲ?"

ಈ ಪ್ರಶ್ನೆಯನ್ನು ಉದ್ಧಟತನವೆಂದು ತಳ್ಳಿಬಿಡಲಾಗದು. ನೊಂದ ಮನಸ್ಸಿನ ಪ್ರಶ್ನೆಯಿದು; ಶಾಸ್ತ್ರವು ಇದಕ್ಕೆ ಉತ್ತರವನ್ನೂ ಕೊಟ್ಟಿದೆ.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನು ಅಸ್ವತಂತ್ರನು. ಆದರೆ ಅಸ್ವತಂತ್ರನೆಂದ ಮಾತ್ರಕ್ಕೆ ಜೀವನು ಕರ್ತೃವೇ ಅಲ್ಲವೆಂದಾಗದು. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನಿಗೆ ಕರ್ತೃತ್ವವುಂಟೆಂದು ಸ್ಥಾಪಿತವಾಗಿದೆ; ಇಲ್ಲವಾದರೆ 'ಇದನ್ನು ಮಾಡು, ಇದನ್ನು ಬಿಡು' ಎನ್ನುವ ಶಾಸ್ತ್ರವೇ ವ್ಯರ್ಥವಾದೀತು. ಆ ಕರ್ತೃತ್ವವು ಪರಮಾತ್ಮನ ಅಧೀನವೆಂಬುದೂ ಅಲ್ಲಿಯೇ ನಿರ್ಣೀತವಾಗಿದೆ. ಹರಿಗೋಲಿನಲ್ಲಿ ಹೊಳೆ ದಾಟಿದವರಿಗೆ ಇದು ಸುಲಭವಾಗಿ ತಿಳಿದೀತು. ನಮ್ಮನ್ನು ಹೊತ್ತಿರುವುದು ನೀರು. ಆದರೂ ಅಂಬಿಗನು ಹುಟ್ಟು ಹಾಕದಿದ್ದರೆ ಹರಿಗೋಲು ಆಚೆಯ ದಡ ಸೇರದು. ಹೊಳೆಯನ್ನು ನಂಬುವುದೆಂದರೆ ಹುಟ್ಟನ್ನು ಕೆಳಗಿಡುವುದಲ್ಲ.

ಇದಕ್ಕೆ ನಿದರ್ಶನವನ್ನು ಶ್ರೀ ಸುಧೀಂದ್ರತೀರ್ಥರ ಶಿಷ್ಯರಲ್ಲಿಯೇ ಕಾಣುತ್ತೇವೆ. ಕುಂಭಕೋಣದಲ್ಲಿ ಅವರ ಬಳಿ ವೇದಾಂತವನ್ನು ಓದುತ್ತಿದ್ದ ವೆಂಕಟನಾಥರೇ ಮುಂದೆ ಶ್ರೀ ರಾಘವೇಂದ್ರಸ್ವಾಮಿಗಳಾದರು. ಗೃಹಸ್ಥಾಶ್ರಮದಲ್ಲಿ ಅವರನ್ನು ಕಾಡಿದ ಬಡತನ ಸಾಮಾನ್ಯವಾದುದಲ್ಲ; ಏಕಾದಶಿಯಲ್ಲದ ದಿನಗಳಲ್ಲಿಯೂ ಮನೆಯವರು ಉಪವಾಸವಿರಬೇಕಾಗುತ್ತಿತ್ತೆಂದು ಪರಂಪರೆ ಹೇಳುತ್ತದೆ. ಅಂತಹ ಸ್ಥಿತಿಯಲ್ಲಿಯೂ ಅವರು ಪಾಠವನ್ನು ಬಿಡಲಿಲ್ಲ. ಹಗಲು ಕೇಳಿದ ಶ್ರೀ ಜಯತೀರ್ಥರ ನ್ಯಾಯಸುಧೆಗೆ ರಾತ್ರಿ ಒಬ್ಬರೇ ಕುಳಿತು ವಿವರಣೆ ಬರೆಯುತ್ತಿದ್ದರು. ಒಂದು ರಾತ್ರಿ ಗುರುಗಳು ಬಂದು ನೋಡಿದಾಗ ಶಿಷ್ಯನು ಬರೆಯುತ್ತ ಬರೆಯುತ್ತ ಹೊದಿಕೆಯಿಲ್ಲದೆ ನಿದ್ರೆಹೋಗಿದ್ದನು. ಕ್ಲಿಷ್ಟವಾಗಿದ್ದ ವಾಕ್ಯಕ್ಕೆ ಅರ್ಥವು ಪಕ್ಕದ ಓಲೆಯಲ್ಲಿ ಲಿಖಿತವಾಗಿತ್ತು. ಗುರುಗಳು ತಮ್ಮ ಶಾಟಿಯನ್ನೇ ಶಿಷ್ಯನಿಗೆ ಹೊದಿಸಿ, ಆ ಓಲೆಗಳನ್ನು ತೆಗೆದುಕೊಂಡು ಹೋದರು. ಮರುದಿನ ಎಲ್ಲರ ಮುಂದೆ ಪ್ರಶಂಸಿಸಿದರು. ಯಾರೂ ನೋಡುತ್ತಿಲ್ಲವೆಂದು ತೋರುವ ವೇಳೆಯಲ್ಲಿ ಮಾಡಿದ ಶ್ರಮವನ್ನು ಗುರುಗಳು ನೋಡುತ್ತಾರೆ, ಗುರ್ವಂತರ್ಗತನಾದ ಹರಿಯೂ ನೋಡುತ್ತಾನೆ.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಓದು ವೆಂಕಟನಾಥರಿಗೆ ಧನವನ್ನು ತಂದುಕೊಡಲಿಲ್ಲ. ಪೀಠವೂ ಅವರು ಬಯಸಿದುದಲ್ಲ. ಎಳೆಯ ಮಗನಿಗೆ ಉಪನಯನವೂ ಆಗಿಲ್ಲವೆಂದು ಮೊದಲು ಹಿಂಜರಿದರು. ಕಡೆಗೆ 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸವನ್ನು ಸ್ವೀಕರಿಸಿದರು. 1623ರಲ್ಲಿ ಗುರುಗಳು ವೃಂದಾವನಸ್ಥರಾದ ಮೇಲೆ ಸಂಸ್ಥಾನದ ಭಾರವೆಲ್ಲ ಅವರದಾಯಿತು. ಆ ಭಾರವನ್ನು ಹೊರುವ ಶಕ್ತಿ ಬಂದದ್ದು ಹಿಂದಿನ ಆ ರಾತ್ರಿಗಳಿಂದಲೇ. ನಾವು ಬಯಸಿದ ಫಲ ದೊರೆಯದಿರಬಹುದು. ಪ್ರಯತ್ನದಿಂದ ಒದಗಿದ ಯೋಗ್ಯತೆ ಮಾತ್ರ ನಷ್ಟವಾಗದು.

ಹೊಳೆಯ ಆಚೆ, ಹಂಪೆಯ ಚಕ್ರತೀರ್ಥದಲ್ಲಿ ಶ್ರೀ ವ್ಯಾಸರಾಜರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಪ್ರಾಣದೇವರಿದ್ದಾರೆ. ಅವರು ಬಂಡೆಯ ಮೇಲೆ ಇದ್ದಿಲಿನಿಂದ ಬರೆದ ಪ್ರಾಣದೇವರ ರೂಪವು ಹನ್ನೆರಡು ದಿನ ಬರೆದಷ್ಟೂ ಸಲ ಮಾಯವಾಯಿತೆಂದು ಪ್ರತೀತಿ. ಶ್ರೀಗಳು ಬರೆಯುವುದನ್ನು ನಿಲ್ಲಿಸಲೂ ಇಲ್ಲ, ಅದೇ ರೀತಿಯನ್ನು ಹಿಡಿದು ಕೂಡಲೂ ಇಲ್ಲ. ಕಡೆಗೆ ಯಂತ್ರವನ್ನು ರಚಿಸಿ ಅದರ ಮಧ್ಯದಲ್ಲಿ ಸ್ವಾಮಿಯನ್ನು ನಿಲ್ಲಿಸಿದರು. ಸೋತವನು ಗುರಿಯನ್ನು ಬಿಡುವ ಮೊದಲು ತನ್ನ ಕ್ರಮವನ್ನು ಪರೀಕ್ಷಿಸಿಕೊಳ್ಳಬೇಕೆಂಬ ಪಾಠ ಇದರಲ್ಲಿದೆ.

ನಮ್ಮ ಕಾಲದಲ್ಲಿಯೂ ಇದನ್ನು ಕಂಡಿದ್ದೇವೆ. 2019ರ ಜುಲೈ ತಿಂಗಳಲ್ಲಿ ನಿಧಿಯ ಆಸೆಯಿಂದ ದುಷ್ಕರ್ಮಿಗಳು ಶ್ರೀ ವ್ಯಾಸರಾಜರ ವೃಂದಾವನವನ್ನು ರಾತ್ರೋರಾತ್ರಿ ಕೆಡವಿದರು. ಆ ಸುದ್ದಿಯನ್ನು ಕೇಳಿ ಅಳದ ಮನೆಗಳು ವಿರಳ. ಆದರೆ ಹರಿಯೇ ನೋಡಿಕೊಳ್ಳುವನೆಂದು ಯಾರೂ ಕೈಕಟ್ಟಿ ಕೂಡಲಿಲ್ಲ. ಮಠಭೇದವನ್ನು ಮರೆತು ಯತಿಗಳೂ ಭಕ್ತರೂ ಹೊಳೆ ದಾಟಿ ಬಂದರು; ಚದುರಿದ ಶಿಲೆಗಳನ್ನು ಕೂಡಿಸಿ ಕೆಲವೇ ದಿನಗಳಲ್ಲಿ ವೃಂದಾವನವನ್ನು ಮತ್ತೆ ನಿಲ್ಲಿಸಿದರು. ನಾವು ಮಾಡಿದೆವೆಂದು ಯಾರೂ ಹೇಳಲಿಲ್ಲ, ರಾಯರು ಮಾಡಿಸಿಕೊಂಡರೆಂದರು. ಪರಾಧೀನ ಕರ್ತೃತ್ವವೆಂದರೆ ಇದೇ.

ಆದುದರಿಂದ ಮಕ್ಕಳೇ, ದೊಡ್ಡ ಗುರಿಯನ್ನಿಟ್ಟುಕೊಳ್ಳಲು ಅಂಜಬೇಡಿರಿ. ಆ ಗುರಿ ಹರಿಗುರುಗಳ ಸೇವೆಗೂ ನಾಲ್ವರ ಉಪಕಾರಕ್ಕೂ ಆಗುವಂತಿರಲಿ. ಬೆಳಿಗ್ಗೆ ಸಂಕಲ್ಪ ಮಾಡಿ ಓದಲು ಕೂಡಿರಿ. ರಾತ್ರಿ ಅಂದಿನ ಶ್ರಮವನ್ನು ಕೃಷ್ಣಾರ್ಪಣವೆಂದು ಒಪ್ಪಿಸಿರಿ. ಅಡ್ಡದಾರಿಯಿಂದ ಬಂದ ಜಯವನ್ನು ಮಾತ್ರ ಒಪ್ಪಿಸಲಾಗದೆಂಬುದು ನೆನಪಿರಲಿ. ತಂದೆತಾಯಿಗಳಲ್ಲಿಯೂ ಒಂದು ವಿಜ್ಞಾಪನೆ: ಸೋತು ಬಂದ ಮಗುವಿಗೆ ನೆರೆಮನೆಯವರ ಅಂಕಗಳನ್ನು ಹೇಳಬೇಡಿರಿ. ಶ್ರೀ ಸುಧೀಂದ್ರತೀರ್ಥರು ದಣಿದ ಶಿಷ್ಯನಿಗೆ ಮೊದಲು ಶಾಟಿಯನ್ನು ಹೊದಿಸಿದರು; ಮಾತು ಮರುದಿನಕ್ಕೆ ಉಳಿಯಿತು.

ಭಾರತೀರಮಣ ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿಯು ನಮ್ಮೆಲ್ಲರಲ್ಲಿ ನಿಂತು ಸತ್ಪ್ರಯತ್ನವನ್ನು ಮಾಡಿಸಲೆಂದು ಪ್ರಾರ್ಥಿಸೋಣ.

ಶ್ರೀಕೃಷ್ಣಾರ್ಪಣಮಸ್ತು