ರುಚಿ ನೋಡುವವರು

ಊರಿಗೆ ಬಂದ ನೆಂಟರಿಗೆ ಊರು ತೋರಿಸುವುದು ನಮ್ಮ ಮನೆಗಳಲ್ಲಿ ಊಟ ಬಡಿಸುವಷ್ಟೇ ಸಹಜವಾದ ಕರ್ತವ್ಯ. ಚಿಕ್ಕಬಳ್ಳಾಪುರದಲ್ಲಿ ನೆಲೆಸಿರುವ ನನ್ನ ಬಳಿ ಅದಕ್ಕೊಂದು ಸಿದ್ಧ ಪಟ್ಟಿಯೇ ಇದೆ. ನಂದಿಬೆಟ್ಟ, ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ, ಚಿಂತಾಮಣಿಯ ಕಡೆ ಹೋದರೆ ಕೈವಾರ, ಗೌರಿಬಿದನೂರಿನ ಕಡೆ ಹೋದರೆ 1938ರ ಏಪ್ರಿಲಿನಲ್ಲಿ ಧ್ವಜ ಹಾರಿಸಲು ನೆರೆದ ಜನರ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ. ಈ ಪಟ್ಟಿಯಲ್ಲಿ ಶಿಡ್ಲಘಟ್ಟ ಇಲ್ಲ. ಏಕಿಲ್ಲ ಎಂದು ಕಳೆದ ವರ್ಷದವರೆಗೆ ಯಾರೂ ಕೇಳಿರಲಿಲ್ಲ; ನಾನೂ ಕೇಳಿಕೊಂಡಿರಲಿಲ್ಲ.

ಕಳೆದ ವರ್ಷ ಪುತ್ತೂರಿನಿಂದ ನಮ್ಮ ಭಾವ ಬಂದರು. ಅಕ್ಕನ ಗಂಡ, ಎಪ್ಪತ್ತರ ಆಸುಪಾಸಿನವರು, ಅಡಿಕೆ ತೋಟದ ನಡುವೆ ಕೋಕೋ ಬೆಳೆದವರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳಿಗೆ ಮಾವನನ್ನು ಹೇಗಾದರೂ ಸಂತೋಷಪಡಿಸಬೇಕೆಂಬ ಆಸೆ. ಚಾಕೊಲೇಟಿನ ರುಚಿ ನೋಡಿಸುವ ಒಂದು ಸುತ್ತಾಟಕ್ಕೆ ಅವಳು ಮೂವರ ಹೆಸರು ಬರೆಸಿದ್ದಳು. ದುಡ್ಡು ಕೊಟ್ಟು ಅಂಗಡಿಯಿಂದ ಅಂಗಡಿಗೆ ನಡೆದು ಚೂರು ಚೂರು ಚಾಕೊಲೇಟು ತಿನ್ನುವುದೆಂದರೆ ನನಗೆ ನಗು ಬಂದಿತ್ತು. ಭಾವ ಮಾತ್ರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಂಭೀರವಾಗಿ ಹೊರಟರು.

ನಮ್ಮನ್ನು ಕರೆದೊಯ್ದ ಹುಡುಗಿ ಬಲು ಚುರುಕು. ಚೂರನ್ನು ಮುರಿಯುವಾಗ ಸದ್ದು ಕೇಳಬೇಕು, ಮೂಸಬೇಕು, ಅಗಿಯದೆ ನಾಲಗೆಯ ಮೇಲೆ ಕರಗಲು ಬಿಡಬೇಕು ಎಂದು ಕಲಿಸಿದಳು. ಕೋಕೋ ಬೀಜವನ್ನು ಐದಾರು ದಿನ ಹುಳಿಯಲು ಬಿಟ್ಟು ಒಣಗಿಸದೆ ಚಾಕೊಲೇಟಿನ ಪರಿಮಳವೇ ಹುಟ್ಟದು ಎಂದು ವಿವರಿಸಿದಳು. ಭಾವ ಮೊದಲ ಪಾಠ ಕೇಳುವ ಮಗುವಿನಂತೆ ತಲೆದೂಗಿದರು. ಅವರ ಕೈಯಿಂದ ಎಷ್ಟು ಸಾವಿರ ಕಾಯಿಗಳು ಒಡೆದಿವೆಯೋ! ಏನು ರುಚಿ ತಿಳಿಯಿತು ಎಂದು ಅವಳು ಕೇಳಿದಾಗ ಒಬ್ಬರು ಕಿತ್ತಳೆ ಎಂದರು, ಇನ್ನೊಬ್ಬರು ಒಣದ್ರಾಕ್ಷಿ ಎಂದರು. ಭಾವ, "ಸಿಹಿ ಸ್ವಲ್ಪ ಕಡಿಮೆಯಾಯಿತು" ಎಂದರು.

ಆದರೆ ಹೊದಿಕೆಯ ಮೇಲೆ ಒಬ್ಬ ಬೆಳೆಗಾರನ ಚಿತ್ರ ಅಚ್ಚಾಗಿತ್ತು. ಅದನ್ನು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ ಭಾವ ಕೇಳಿದರು: "ಇವರಿಗೆ ಕಿಲೋಗೆ ಎಷ್ಟು ಕೊಟ್ಟಿರಿ ಮಗಳೇ?" ಮೇಜಿನ ಸುತ್ತ ಮೌನ. ಊಟದ ನಡುವೆ ಮನೆಯವರ ಸಾಲದ ಲೆಕ್ಕ ಕೇಳಿದಂತಾಗಿತ್ತು. ಹುಡುಗಿ ಮಾತ್ರ ಅಳುಕದೆ ದರ ಹೇಳಿದಳು. ಅದು ಪೇಟೆಯ ದರಕ್ಕಿಂತ ಹೆಚ್ಚೇ ಇತ್ತು. ಭಾವ "ಒಳ್ಳೆಯದು" ಎಂದು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡರು.

ಆ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ. 1970ರ ದಶಕದಲ್ಲಿ ಕರಾವಳಿಯ ರೈತರು ಕಂಪನಿಯವರ ಉತ್ತೇಜನದಿಂದ ಅಡಿಕೆಯ ನೆರಳಿನಲ್ಲಿ ಕೋಕೋ ನೆಟ್ಟರು. ದಶಕ ಮುಗಿಯುವಷ್ಟರಲ್ಲಿ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. ಆಗ ಯುವಕರಾಗಿದ್ದ ಭಾವ ಹಸಿ ಬೀಜದ ಗೋಣಿಯನ್ನು ಹೊತ್ತುಕೊಂಡು ಹೋಗಿ, ಮಾರಲಾಗದೆ ಹಾಗೆಯೇ ಹೊತ್ತು ತಂದು ಗೊಬ್ಬರದ ಗುಂಡಿಗೆ ಸುರಿದಿದ್ದರು. ಹಲವರು ಗಿಡಗಳನ್ನೇ ಕಡಿದರು. ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಗ ಕೋಕೋವನ್ನೂ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲೇ ಅದರ ಚಾಕೊಲೇಟು ಕಾರ್ಖಾನೆ ಆರಂಭವಾಯಿತು. ಬೆಳೆದವರೇ ಒಡೆಯರಾದ ಕಾರ್ಖಾನೆ ಎಂಬ ಹೆಮ್ಮೆ ಭಾವನಿಗೆ ಇಂದಿಗೂ ಇದೆ. ಗೋಣಿಯನ್ನು ಗುಂಡಿಗೆ ಸುರಿದ ದಿನದ ನೆನಪೂ ಹಾಗೆಯೇ ಇದೆ.

ಮರಳಿ ಬರುವಾಗ ಅವರು, "ನನಗೆ ನೀನು ರೇಷ್ಮೆ ಮಾಡುವ ಜಾಗ ತೋರಿಸಬೇಕು. ನಿನ್ನ ಅಕ್ಕನ ಮದುವೆ ಸೀರೆಯ ನೂಲು ನಿಮ್ಮ ಕಡೆಯದೇ ಅಲ್ಲವೋ?" ಎಂದರು. ನಂದಿಬೆಟ್ಟಕ್ಕೆ ಹೋಗೋಣ, ತಂಪಾಗಿರುತ್ತದೆ ಎಂದೆ. "ಬೆಟ್ಟ ನಮ್ಮಲ್ಲೂ ಇದೆ ಮಾರಾಯಾ" ಎಂದರು.

ಮರುದಿನ ಶಿಡ್ಲಘಟ್ಟಕ್ಕೆ ಹೋದೆವು. ಗೂಡಿನ ಮಾರುಕಟ್ಟೆಯಲ್ಲಿ ರೈತರು ತಂದು ಸುರಿದ ಗೂಡಿನ ರಾಶಿಗಳು, ಹರಾಜು, ಗಲಾಟೆ. ಭಾವನಿಗೆ ಅದು ಪರಿಚಿತ ಲೋಕ. ಹುಳು ಸಾಕುವ ರೈತನೊಬ್ಬನೊಡನೆ ರೋಗದ ಬಗ್ಗೆ, ಹಿಪ್ಪುನೇರಳೆಗೆ ನೀರಿನ ಕೊರತೆಯ ಬಗ್ಗೆ ಮಾತಿಗೆ ನಿಂತುಬಿಟ್ಟರು. ಅಲ್ಲಿಂದ ನೂಲು ಬಿಚ್ಚುವ ಒಂದು ಸಣ್ಣ ಘಟಕಕ್ಕೆ ಕರೆದೊಯ್ದೆ. ಬಿಸಿನೀರಿನಲ್ಲಿ ಬೇಯುವ ಗೂಡುಗಳು, ಒಂದು ಗೂಡಿನಿಂದಲೇ ನೂರಾರು ಮೀಟರು ಬಿಚ್ಚಿಕೊಳ್ಳುವ ಎಳೆ, ಸತ್ತ ಹುಳುಗಳ ವಾಸನೆ. ಎಳೆಯ ತುದಿ ಹುಡುಕಲು ನೀರಿಗಿಳಿದು ಬಿಳಿಚಿಕೊಂಡ ಹೆಂಗಸರ ಬೆರಳುಗಳು. ಒಂದು ಕಿಲೋ ನೂಲಿಗೆ ಆರೇಳು ಕಿಲೋ ಗೂಡು ಬೇಕೆಂದು ನಾನು ವಿವರಿಸುತ್ತಿದ್ದೆ, ಆ ಚಾಕೊಲೇಟಿನ ಹುಡುಗಿಯಂತೆಯೇ. ಭಾವ ನಡುವೆ ಕೇಳಿದರು: "ಇಲ್ಲಿ ಮಕ್ಕಳೂ ದುಡಿಯುತ್ತಿದ್ದರೋ?"

ನಾನು ಈ ತಾಲ್ಲೂಕಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. 1990ರ ದಶಕದ ಆರಂಭದ ಮಾತು. ಐದನೆಯ ತರಗತಿಯ ಹುಡುಗಿಯೊಬ್ಬಳು ಒಂದು ಸೋಮವಾರದಿಂದ ಬರಲಿಲ್ಲ. ಅಪ್ಪ ಮುಂಗಡ ಹಣ ಪಡೆದಿದ್ದಾನೆ, ಅವಳು ರೇಷ್ಮೆ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ಉಳಿದ ಮಕ್ಕಳು ಹೇಳಿದರು. ಮಕ್ಕಳ ದುಡಿಮೆಯನ್ನು ನಿಷೇಧಿಸಿ ನಿಯಂತ್ರಿಸುವ ಕಾಯಿದೆ 1986ರಲ್ಲೇ ಬಂದಿತ್ತು. ಅದು ನನಗೆ ಗೊತ್ತಿತ್ತು. ಹಾಜರಿ ಪುಸ್ತಕದಲ್ಲಿ ತಿಂಗಳುಗಟ್ಟಲೆ ಗೈರು ಎಂದು ಬರೆದೆ. ಆಮೇಲೆ ದೀರ್ಘ ಗೈರುಹಾಜರಿ ಎಂದು ಹೆಸರು ಹೊಡೆದುಹಾಕಿದೆ. ಅವಳ ಮನೆ ಶಾಲೆಯಿಂದ ಕಾಲು ಗಂಟೆಯ ದಾರಿ.

ಪ್ರಿಯ ಓದುಗರೇ, ಸವಿಯುವವನಿಗೆ ಆ ಸವಿಯ ಹಿಂದಿನ ದುಡಿಮೆ ತಿಳಿದಿರಲೇಬೇಕೆ? ತಿಳಿಯದಿರುವುದು ತಪ್ಪೇ? ಪ್ರತಿಯೊಂದು ತುತ್ತಿನ ಹಿಂದೆಯೂ ಓಡಲು ಯಾರಿಂದಲೂ ಆಗದು. ಹುಟ್ಟುಹಬ್ಬದ ದಿನ ಚಾಕೊಲೇಟು ಹಂಚುವ ಮಗುವನ್ನು ಯಾರೂ ದೂರುವುದಿಲ್ಲ. ಕೇಳಬಹುದಾಗಿದ್ದರೂ ಕೇಳದ ದೊಡ್ಡವರ ಸ್ಥಿತಿ ಬೇರೆ. ತಿಳಿದೂ, ಅದು ಕಣ್ಣಿಗೆ ಬೀಳದಂತೆ ದಾರಿಯನ್ನು ಏರ್ಪಡಿಸಿಕೊಂಡವರ ಸ್ಥಿತಿ ಇನ್ನೂ ಬೇರೆ. ನೆಂಟರಿಗೆ ಊರು ತೋರಿಸುವ ನನ್ನ ಪಟ್ಟಿ ಅಂಥದೊಂದು ಏರ್ಪಾಡು. ಅತಿಥಿಯ ಮನಸ್ಸು ನೋಯಬಾರದೆಂಬ ಸೌಜನ್ಯ ಅದಕ್ಕೆ ಕಾರಣವೆಂದು ಅಂದುಕೊಂಡಿದ್ದೆ.

ಜಗತ್ತಿನ ದೊಡ್ಡ ವ್ಯವಹಾರಗಳೂ ಇದಕ್ಕಿಂತ ಮೇಲಲ್ಲ. ಪಶ್ಚಿಮ ಆಫ್ರಿಕಾದ ಕೋಕೋ ತೋಟಗಳಲ್ಲಿ ಮಕ್ಕಳ ದುಡಿಮೆಯ ಅತಿ ಕ್ರೂರ ರೂಪಗಳನ್ನು 2005ರೊಳಗೆ ಕೊನೆಗಾಣಿಸುವೆವೆಂದು ಚಾಕೊಲೇಟು ಕಂಪನಿಗಳು 2001ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಗಡುವು 2008ಕ್ಕೆ ಹೋಯಿತು, 2010ಕ್ಕೆ ಹೋಯಿತು, ಆಮೇಲೆ 2020ಕ್ಕೆ. ಆ 2020ರಲ್ಲಿ ಹೊರಬಂದ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರ ವರದಿ, ಐವರಿ ಕೋಸ್ಟ್ ಮತ್ತು ಘಾನಾ ಎರಡರಲ್ಲೇ ಸುಮಾರು 15.6 ಲಕ್ಷ ಮಕ್ಕಳು ಕೋಕೋ ದುಡಿಮೆಯಲ್ಲಿದ್ದಾರೆಂದು ಅಂದಾಜು ಮಾಡಿತು. ನಮ್ಮ ರೇಷ್ಮೆಯ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿಯಲ್ಲಿ ಜೀತಕ್ಕೆ ಬಿದ್ದ ಮಕ್ಕಳ ಮಾತುಗಳಿದ್ದವು, ಕರ್ನಾಟಕವೂ ಅದರಲ್ಲಿತ್ತು. ಕಾನೂನು ಈಗ ಬಿಗಿಯಾಗಿದೆ. 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಶಾಲೆ ಮುಗಿದ ಮೇಲೆ ಕುಟುಂಬದ ಕಸುಬಿನಲ್ಲಿ ನೆರವಾಗಬಹುದು ಎಂಬ ಬಾಗಿಲನ್ನು ಅದು ತೆರೆದಿಟ್ಟಿದೆ. ಮನೆಯೇ ಕಾರ್ಖಾನೆಯಾಗಿರುವ ಬೀದಿಯಲ್ಲಿ ಆ ಬಾಗಿಲು ಎಷ್ಟು ಅಗಲವೆಂದು ನಾನು ವಿವರಿಸಬೇಕಿಲ್ಲ.

ಹಾಗಾದರೆ ರೇಷ್ಮೆ ಉಡುವುದನ್ನು ಬಿಡೋಣವೇ, ಚಾಕೊಲೇಟು ಬಿಡೋಣವೇ? ಬಸ್ಸಿನಲ್ಲಿ ಭಾವನನ್ನು ಕೇಳಿದೆ. ಅವರು ತಲೆಯಾಡಿಸಿದರು. "ಕೊಳ್ಳುವವರು ಬಿಟ್ಟುಹೋದಾಗ ಏನಾಯಿತೆಂದು ನಾನು ನೋಡಿದ್ದೇನೆ. ಗುಂಡಿಗೆ ಸುರಿದದ್ದು ನಾನು, ಅವರಲ್ಲ." ಕೈತೊಳೆದುಕೊಳ್ಳುವುದು ಸುಲಭ, ಅದರ ನಷ್ಟ ಮತ್ತೆ ದುಡಿದವನ ಪಾಲಿಗೇ ಬೀಳುತ್ತದೆ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ. ಅದರಲ್ಲಿ ನನ್ನಂಥವನಿಗೆ ಅಡಗಿಕೊಳ್ಳಲು ಜಾಗವಿದೆಯೆಂಬುದೂ ನಿಜ. ಉತ್ತರ ಕೊಡಬಲ್ಲವರ ಮುಂದೆ ದರ ಕೇಳುವುದು ಭಾವನಿಗೆ ಸಾಧ್ಯವಾಯಿತು. ನಾನು ಕೇಳಬೇಕಾಗಿದ್ದದ್ದು ಒಬ್ಬ ತಂದೆಯನ್ನು, ಅವನಿಗೆ ಮುಂಗಡ ಕೊಟ್ಟವನನ್ನು. ಆ ಇಬ್ಬರ ಎದುರು ನಿಲ್ಲುವುದಕ್ಕಿಂತ ಹಾಜರಿ ಪುಸ್ತಕ ಹಗುರವಾಗಿತ್ತು.

"ಆ ಹುಡುಗಿಯ ಮನೆಗೆ ಆಮೇಲಾದರೂ ಹೋಗಿದ್ದೆಯೋ?" ಎಂದರು ಭಾವ.

ಇಲ್ಲವೆಂದೆ. ಅವರು ಮತ್ತೇನೂ ಕೇಳಲಿಲ್ಲ. ಬೆಂಗಳೂರಿನಿಂದ ತಂದಿದ್ದ ಚಾಕೊಲೇಟಿನ ಉಳಿದ ತುಂಡನ್ನು ಜೇಬಿನಿಂದ ತೆಗೆದು ಅರ್ಧ ಮುರಿದು ಕೊಟ್ಟರು. ಬಿಸಿಲಿಗೆ ಮೆತ್ತಗಾಗಿದ್ದರಿಂದ ಸದ್ದು ಬರಲಿಲ್ಲ.

ಅವಳಿಗೀಗ ನಲವತ್ತು ದಾಟಿರಬೇಕು. ಅವಳ ತವರಿನ ಹಳ್ಳಿಗೆ ನಮ್ಮ ಮನೆಯಿಂದ ಬಸ್ಸಿದೆ. ಪುತ್ತೂರಿಗೆ ಮರಳಿದ ಮೇಲೆ ಭಾವ ಪ್ರತಿ ಭಾನುವಾರ ಸಂಜೆ ಫೋನು ಮಾಡುತ್ತಾರೆ, ಮಳೆ, ಅಡಿಕೆಯ ರೋಗ, 2024ರಲ್ಲಿ ಆಕಾಶಕ್ಕೇರಿ ಮತ್ತೆ ಇಳಿದ ಕೋಕೋ ಬೆಲೆ ಎಲ್ಲ ಮಾತಾಡಿದ ಮೇಲೆ, ಫೋನು ಇಡುವ ಮುಂಚೆ, "ಹೋಗಿದ್ದೆಯೋ?" ಎನ್ನುತ್ತಾರೆ. ಇನ್ನೂ ಇಲ್ಲ ಭಾವ ಎಂದು, ಈ ಬರಹ ಬರೆಯುವ ಹಿಂದಿನ ಭಾನುವಾರವೂ ಹೇಳಿದ್ದೇನೆ.